ಕಲ್ಲುಗುಂಟೆ ಕ್ರಾಸಿನಲ್ಲಿ ಪಾಪಕ್ಕ ಎಬ್ಬಿಸಿದ ಗೋಡೆ

ಬಂಗಾರಪೇಟೆಯಿಂದ ಆಂಡರ್ಸನ್‌ಪೇಟೆಗೆ ಹೋಗುವ ರಸ್ತೆಯಲ್ಲಿ ನಮ್ಮ ಕಲ್ಲುಗುಂಟೆ ಕ್ರಾಸು. ೧೯೫೬ರಲ್ಲಿ ಅಲ್ಲಿದ್ದದ್ದು ಒಂದು ಹೊಂಗೆ ಮರ, ಒಂದು ಸೇದುವ ಬಾವಿ, ಸೈಕಲ್ ಶಾಪು ಮತ್ತು ಪಾಪಕ್ಕನ ಹೋಟೆಲು. ಹೋಟೆಲೆಂದರೆ ನಾಲ್ಕು ಕಂಬದ ಮೇಲೆ ಸೋಗೆ, ಅಷ್ಟೇ. ಗಂಡ ತೀರಿಕೊಂಡ ಮೇಲೆ ಅವಳು ನಂದಿದುರ್ಗ ಚಿನ್ನದ ಗಣಿಯ ಕೂಲಿಗಳ ಲೈನ್ ಮನೆ ಬಿಟ್ಟು ಬಂದು ಇಲ್ಲಿ ಒಲೆ ಹೂಡಿದ್ದಳು. ಊರವರೊಡನೆ ಕನ್ನಡ, ಡ್ರೈವರುಗಳೊಡನೆ ತಮಿಳು, ಕುಪ್ಪಂ ಕಡೆಯವರೊಡನೆ ತೆಲುಗು. ಜಗಳಕ್ಕೆ ಮೂರೂ.

ಬಸ್ಸು ಅಲ್ಲಿ ಹತ್ತು ನಿಮಿಷ ನಿಲ್ಲುತ್ತಿತ್ತು. ಗಂಡಸರು ಬೇಲಿಯ ಕಡೆ ಹೋಗಿ ಬರುತ್ತಿದ್ದರು. ಹೆಂಗಸರು ನೀರನ್ನೂ ಕುಡಿಯದೆ ಸೀಟಿನಲ್ಲೇ ಕೂತಿರುತ್ತಿದ್ದರು. ಒಂದು ದಿನ ಪಿಳ್ಳಮ್ಮನೆಂಬ ತುಂಬು ಬಸುರಿ ಇಳಿದು ಬಂದು, “ಅಕ್ಕಾ, ಮರೆ ಎಲ್ಲೈತೆ?” ಎಂದು ಕೇಳಿದಳು. ಪಾಪಕ್ಕ ತನ್ನ ಹಳೇ ಸೀರೆಯನ್ನೇ ಅಡ್ಡ ಹಿಡಿದು ನಿಂತಳು. ಅತ್ತ ಹೋಗುತ್ತಿದ್ದ ಲಾರಿಯ ಮೇಲಿನವರು ನಕ್ಕರು. ಆ ನಗು ಅವಳಿಗೆ ನುಂಗಲಾಗಲಿಲ್ಲ.

ಮರುದಿನವೇ ಪಂಚಾಯ್ತಿ ಚೇರ್ಮನ್ ಅಶ್ವತ್ಥಪ್ಪನ ಮನೆಗೆ ಹೋಗಿ, ಕ್ರಾಸಿನಲ್ಲಿ ಹೆಂಗಸರಿಗೊಂದು ಮರೆ ಕಟ್ಟಿಸಿಕೊಡಿ ಎಂದು ಕೇಳಿದಳು.

“ಅದಕ್ಕೆಲ್ಲ ಜಾಗ ಎಲ್ಲೈತಮ್ಮ?” ಎಂದ ಅವನು.

“ಜಾಗ ನಾನು ನೋಡ್ಕತೀನಿ ಸ್ವಾಮಿ. ನೀವು ಅಡ್ಡ ಬರಬ್ಯಾಡಿ.”

ಬಂಡೆ ಒಡೆಯುವ ಸೊಣ್ಣಪ್ಪನ ಗಾಡಿಗಳು ಚಪ್ಪಡಿ ಕಲ್ಲು ಹೇರಿಕೊಂಡು ಬಂದು ಊಟಕ್ಕೆ ಅಲ್ಲೇ ನಿಲ್ಲುತ್ತಿದ್ದವು.

“ಸೊಣ್ಣಪ್ಪ, ಮುರಿದ ಚಪ್ಪಡಿ ಇದ್ರೆ ಇಲ್ಲಿ ಇಳಿಸ್ಬುಟ್ಟು ಓಗು.”

“ಮುರುಕು ಕಲ್ಲಲ್ಲಿ ಏನು ಮಾಡ್ತೀಯಕ್ಕ?”

“ಗೋಡೆ ಎಬ್ಬುಸ್ತೀನಿ, ಇನ್ನೇನು?”

ಎರಡು ತಿಂಗಳಲ್ಲಿ ಹೊಂಗೆ ಮರದ ಹಿಂದೆ ಚಪ್ಪಡಿಗಳು ಸಾಲಾಗಿ ನೆಟ್ಟಗೆ ನಿಂತವು. ಸಂದುಗಳಿಗೆ ಊರ ಹೆಂಗಸರು ಮಣ್ಣು ಮೆತ್ತಿದರು. ಎರಡು ಕೋಣೆ, ಒಂದು ಕಲ್ಲಿನ ತೊಟ್ಟಿ, ಬಾಗಿಲಿಗೆ ಗೋಣಿಪರದೆ.

ಸುದ್ದಿ ತಿಳಿದ ಅಶ್ವತ್ಥಪ್ಪ ಗುಮಾಸ್ತನನ್ನು ಕರೆದುಕೊಂಡು ಬಂದ. “ಯಾರನ್ನ ಕೇಳಿ ಕಟ್ದೆ? ಸರ್ಕಾರಿ ಜಾಗ ಇದು. ನಾಳೆ ಕೀಳಿಸ್ತೀನಿ.”

ಅಷ್ಟರಲ್ಲಿ ಬಸ್ಸು ಬಂತು. ಇಳಿದ ಹೆಂಗಸರು ನೇರ ಗೋಡೆಯ ಕಡೆ ನಡೆದರು.

“ನಾಳೆ ಯಾಕೆ ಸ್ವಾಮಿ? ಈಗ್ಲೇ ಕೀಳ್ಸಿ,” ಎಂದಳು ಪಾಪಕ್ಕ. “ಇವ್ರೆಲ್ಲ ನೋಡ್ಲಿ.”

ಸಾಲಿನಲ್ಲಿದ್ದ ಮುದುಕಿ ಮುನಿನಾರಾಯಣಮ್ಮ ತಿರುಗಿ ನಿಂತಳು. “ಯಾವನ್ಲಾ ಕೀಳೋನು? ಮುಂದಕ್ಕೆ ಬಾ, ಮೊಕ ನೋಡ್ತೀನಿ.”

ಡ್ರೈವರ್ ಪೆರುಮಾಳ್ ಎಂಜಿನ್ ಆರಿಸಿ ಕೆಳಗಿಳಿದ. “ಅಕ್ಕಂದಿರು ಬರೋಗಂಟ ವಂಡಿ ಎತ್ತಲ್ಲ ಸಾರ್.”

ಅಶ್ವತ್ಥಪ್ಪ ಆ ಸಾಲನ್ನೊಮ್ಮೆ ನೋಡಿದ. ಅದರಲ್ಲಿ ಅವನ ಅತ್ತೆಯ ಊರಿನವರೇ ಇಬ್ಬರಿದ್ದರು. ಗಂಟಲು ಸರಿಮಾಡಿಕೊಂಡು ಗುಮಾಸ್ತನತ್ತ ತಿರುಗಿದ.

“ಇದಕ್ಕೊಂದು ಮರದ ಬಾಗಿಲು ಮಾಡ್ಸೋಕೆ ಎಷ್ಟು ದಿನ ಬೇಕು?”

ಬಾಗಿಲು ಹದಿನೈದು ದಿನದಲ್ಲಿ ಬಂತು. ಹೆಂಗಸರು ಧೈರ್ಯವಾಗಿ ಇಳಿಯಬಹುದಾದ ಜಾಗವೆಂದು ಹೆಸರಾಗಿ, ಮಿಕ್ಕ ಬಸ್ಸುಗಳೂ ನಿಲ್ಲತೊಡಗಿದವು. ಹೂವಿನವರು, ಬಳೆಯವರು, ಟೈಲರು ಬಂದರು. ಕ್ರಾಸು ಪೇಟೆಯಾಯಿತು. ೧೯೬೦ರ ಚುನಾವಣೆಯಲ್ಲಿ ಪಾಪಕ್ಕನೇ ಪಂಚಾಯ್ತಿ ಮೆಂಬರಾದಳು. ಮೊದಲ ಮೀಟಿಂಗಿನಲ್ಲಿ ಅವಳಿಗೆಂದು ಮೂಲೆಯಲ್ಲಿ ಬೆಂಚು ಹಾಕಿದ್ದರು. ಅವಳು ಕುರ್ಚಿಯೊಂದನ್ನು ಎಳೆದುಕೊಂಡು ಚೇರ್ಮನ್ ಪಕ್ಕ ಕೂತು, ಕಾಫಿ ಬರುವ ಮೊದಲೇ ಕ್ರಾಸಿಗೆ ನೀರಿನ ನಲ್ಲಿ ಹಾಕಿಸುವ ಮಾತು ಎತ್ತಿದಳು.