ಕುವೈತಿನ ಸೀಟಿ

ನ್ಯಾಮತಿಯಲ್ಲಿ ನನ್ನ ಮನೆ ಕಟ್ಟಿದ ಮೇಸ್ತ್ರಿ ಕುವೈತಿನಲ್ಲಿ ದುಡಿದು ಬಂದವರು. ನೀರು ಕೊಟ್ಟರೆ ಮೊದಲು ಅಂಗೈಗೆ ಸುರಿದುಕೊಂಡು ಕತ್ತಿನ ಹಿಂಭಾಗ ಒದ್ದೆ ಮಾಡಿಕೊಳ್ಳುತ್ತಿದ್ದರು, ಆಮೇಲೆ ಕುಡಿಯುತ್ತಿದ್ದರು.

"ಅಲ್ಲಿ ಬಿಸಿಲು ನಮಗಿಂತ ಜಾಸ್ತಿ ರೀ. ಆದ್ರೆ ಬ್ಯಾಸಿಗೇಲಿ ಮಧ್ಯಾಹ್ನ ಸೀಟಿ ಊದ್ತಾರೆ, ಕೆಲಸ ಬಂದ್. ಅದು ದುಡ್ಡಿರೋ ದೇಶ, ನಿಲ್ಲಿಸಿದ್ರೂ ನಡೀತೈತೆ. ನಾವು ನಿಲ್ಲಿಸಿದ್ರೆ ಕೂಲಿ ಹೋಗ್ತೈತೆ. ಇಲ್ಲಿ ನೆಳ್ಳಿಗೆ ಕೂರಾಕೂ ದುಡ್ಡು ಬೇಕು" ಎನ್ನುತ್ತಿದ್ದರು. ಈ ಕೊನೆಯ ಮಾತನ್ನು ಯಾವಾಗಲೂ ನಗುತ್ತಲೇ ಹೇಳುತ್ತಿದ್ದರು.

ಚಾವಣಿಗೆ ಕಾಂಕ್ರೀಟ್ ಹಾಕುವ ಕೆಲಸ ಕಡು ಬೇಸಿಗೆಯಲ್ಲಿ ಬಂತು. ಒಮ್ಮೆ ಶುರುವಾದರೆ ಮುಗಿಯುವ ತನಕ ನಿಲ್ಲಿಸುವಂತಿಲ್ಲ.

"ಬೆಳಕು ಹರಿಯಾಕೆ ಮುಂಚೆ ಹಿಡಿಯಾನ್ರೀ ಯಜಮಾನ್ರೇ" ಎಂದು ಕೇಳಿಕೊಂಡರು. ಆದರೆ ಕೆಲಸಕ್ಕೆ ಮುಂಚಿನ ಪೂಜೆಗೆ ಹತ್ತು ಗಂಟೆಯ ಮೇಲೆಯೇ ಒಳ್ಳೆಯ ಗಳಿಗೆ ಎಂದು ನಮ್ಮ ಪುರೋಹಿತರಾದ ಅಯ್ಯನವರು ಹೇಳಿದ್ದರು.

"ಇದು ಕುವೈತಲ್ಲ ಮೇಸ್ತ್ರಿ. ಇಲ್ಲಿ ಸೀಟಿ ಊದೋನು ನಾನೇ" ಎಂದೆ. ಆಳುಗಳೆಲ್ಲ ನಕ್ಕರು. ಅವರೂ ನಕ್ಕರು.

ಆ ದಿನ ನಡು ಮಧ್ಯಾಹ್ನ ಅವರು ಹಸಿ ಕಾಂಕ್ರೀಟಿನ ಮೇಲೆ ಕುಸಿದು ಬಿದ್ದರು. ಜೀವ ಉಳಿಯಿತು. ಮತ್ತೆ ಬಿಸಿಲಿಗೆ ಇಳಿಯುವ ಶಕ್ತಿ ಮಾತ್ರ ಬರಲಿಲ್ಲ.

ಆಮೇಲೆ ಅಳಿಯನ ಸೈಕಲ್ ಅಂಗಡಿಯ ತಗಡಿನ ಕೆಳಗೆ ಕೂತಿರುತ್ತಿದ್ದರು. ನನ್ನನ್ನು ಕಂಡರೆ ಸ್ಟೂಲು ಎಳೆದು, "ಬರ್ರಿ ಯಜಮಾನ್ರೇ, ಈ ನೆಳ್ಳು ಪುಕ್ಕಟೆ" ಎನ್ನುತ್ತಿದ್ದರು.

ತಪ್ಪು ನನ್ನದೆಂದು ಹೇಳಬೇಕೆಂದೇ ಪ್ರತಿಸಲ ಹೋಗುತ್ತಿದ್ದೆ. ಅವರು ತೀರಿಕೊಳ್ಳುವ ತನಕವೂ ಬಿಸಿಲಲ್ಲೇ ನಿಂತು, ಆರೋಗ್ಯ ವಿಚಾರಿಸಿ, ಹಿಂದಿರುಗಿಬಿಡುತ್ತಿದ್ದೆ.