ಗಣಪನನ್ನು ಹಿಂದಿನ ಸೀಟಿಗೆ ತಂದ ವಾಸಣ್ಣ

ಕ್ಷಮಿಸಿ...
ಇದನ್ನು ಬರೆಯಬೇಕಾದವಳು ನಾನಲ್ಲ.
ಫಸ್ಟ್ ಇಯರ್ ಹುಡುಗಿ, ಓದಿದ್ದೆಲ್ಲ ಹಾಸ್ಟೆಲಿನಲ್ಲಿ, ಕನ್ನಡ ಅಷ್ಟಕ್ಕಷ್ಟೇ.

ಬೆಳಿಗ್ಗೆ ಮೆಸೇಜ್ ಬಂತು.
ವಾಸಣ್ಣ ಇಲ್ಲ... ಹಾರ್ಟ್ ಅಟ್ಯಾಕ್.
ನಂಬದೆ ಅವರ ನಂಬರಿಗೇ ಕಾಲ್ ಮಾಡಿದೆ.
ಮಗಳು ಎತ್ತಿದಳು...

ಚೆನ್ನೈನ ಟ್ರಿಪ್ಲಿಕೇನ್‌ನಲ್ಲಿ ನನ್ನ ಭಾವನ ಹೋಟೆಲಿಗೆ ತರಕಾರಿ ತರುತ್ತಿದ್ದ, ಮನೆಯ ಕಾರನ್ನೂ ಓಡಿಸುತ್ತಿದ್ದ ಡ್ರೈವರ್ ಅವರು.
ಕಳೆದ ವರ್ಷ ನಾನು ರಜೆಗೆ ಬಂದಾಗ ಅಕ್ಕನ ಮಗು ಪುಟ್ಟಿಗೆ ಎಂಟು ತಿಂಗಳು.
ಭಾವ ಕಾರಿಗೆ ಬೇಬಿ ಸೀಟ್ ತಂದಿದ್ದರು. ಮಗುವಿನ ಮುಖ ಹಿಂದಕ್ಕಿರಬೇಕು ಎಂದು ಮ್ಯಾನುಯಲ್‌ನಲ್ಲಿತ್ತು.
ಅಜ್ಜಿ ಒಪ್ಪಲಿಲ್ಲ.
"ಡ್ಯಾಶ್‌ಬೋರ್ಡಿನ ಗಣಪನಿಗೆ ಬೆನ್ನು ಹಾಕಿ ಕೂರಿಸುದಾ? ಎಂತ ಮಾರಾಯ್ತಿ, ನಿನ್ನ ಓದು ಇಷ್ಟೆಯಾ?"
ಹೆದರಿ ಸೀಟನ್ನು ಮುಂದಕ್ಕೆ ತಿರುಗಿಸಿದವಳು ನಾನೇ.
ಮಗುವಿಗೆ ನೋಯಬಾರದೆಂದು ಬೆಲ್ಟನ್ನೂ ಲೂಸಾಗಿ ಬಿಟ್ಟಿದ್ದೆ...

ವಾಸಣ್ಣ,
ನೀವು ಬಾಗಿಲು ತೆರೆದು ನೋಡಿ, ಕಾರಿನ ಕೀ ಜೇಬಿಗೆ ಹಾಕಿಕೊಂಡಿರಿ.
"ಆ ಬುಕ್ಕಲ್ಲಿ ಎಂತ ಉಂಟು, ಓದು."
ಇಂಗ್ಲಿಷ್ ಓದಿ, ತಡವರಿಸುತ್ತ ಕನ್ನಡದಲ್ಲಿ ಹೇಳಿದೆ.
ನನ್ನ ಕನ್ನಡಕ್ಕೆ ನಗದ ಮೊದಲ ಮನುಷ್ಯ ನೀವು...
ಆಮೇಲೆ ಬೇಬಿ ಸೀಟನ್ನು ಮತ್ತೆ ಹಿಂದಕ್ಕೆ ತಿರುಗಿಸಿ ಕಟ್ಟಿ, ಕಾರಿನ ಹಿಂದಿನ ಸೀಟಿಗೆ, ಮಗುವಿನ ಎದುರಿಗೇ, ಗಣಪನ ಸ್ಟಿಕ್ಕರ್ ಅಂಟಿಸಿದಿರಿ.
"ಗಣಪ ತಿರುಗ್ತಾನೆ ಅಮ್ಮ, ಅವನಿಗೆ ಬೆಲ್ಟ್ ಬೇಡ. ಮಗು ಹೀಗೇ ಇರ್ಲಿ."
"ಬಾಯಿ ಜೋರು ನಿಂಗೆ" ಎನ್ನುತ್ತಲೇ ಅಜ್ಜಿ ಸ್ಟಿಕ್ಕರಿಗೆ ಕೈ ಮುಗಿದರು.
ನನಗೆ ಹೇಳಿದಿರಿ... "ಸುಮ್ಮಾ ಕಟ್ಟಿದ್ರೆ ಆಗುದಿಲ್ಲ ತಂಗಿ. ಬುಡ ಹಿಡ್ದು ಅಲ್ಲಾಡ್ಸು. ಒಂದಿಂಚು ಅಲ್ಲಾಡಿದ್ರೆ ಬಿಚ್ಚಿ ಮತ್ತೆ ಕಟ್ಟು."

ಮರುತಿಂಗಳು ಎಣ್ಣೂರು ರಸ್ತೆಯಲ್ಲಿ ಕಂಟೇನರ್ ಲಾರಿ ಹಠಾತ್ತನೆ ನಿಂತಿತು.
ಭಾವ ಬ್ರೇಕ್ ಒತ್ತುವಷ್ಟರಲ್ಲಿ ನಮ್ಮ ಬಾನೆಟ್ ಮಡಚಿಹೋಗಿತ್ತು.
ಅಕ್ಕನ ಕೈ ಮುರಿಯಿತು.
ಪುಟ್ಟಿ ಅತ್ತಳು... ಅಷ್ಟೇ.

ಒಮ್ಮೆ ಪೆಟ್ಟು ತಿಂದ ಸೀಟು ಬೇಡವೆಂದು ಹಟ ಹಿಡಿದು ಹೊಸದು ತರಿಸಿದಿರಿ.
ಅದನ್ನು ಪ್ರತಿ ಸಲ ನೀವೇ ಕಟ್ಟುತ್ತಿದ್ದಿರಿ.
ನಿಮ್ಮನ್ನು ಕಂಡರೆ ಪುಟ್ಟಿ "ಟೈಟ್, ಟೈಟ್" ಎನ್ನುತ್ತಿದ್ದಳು...

ಥ್ಯಾಂಕ್ಸ್ ಎಂದು ಒಮ್ಮೆಯೂ ಹೇಳಿರಲಿಲ್ಲ.
ಈಗ ಹೇಳುತ್ತಿದ್ದೇನೆ.
ಹೋಗಿ ಬನ್ನಿ ವಾಸಣ್ಣ. ನಿಮ್ಮ ದಾರಿಯಲ್ಲಿ ಯಾವ ಲಾರಿಯೂ ಅಡ್ಡ ನಿಲ್ಲದಿರಲಿ. ನಿಮ್ಮ ಜೀವ ಹಾಯಾಗಿರಲಿ.

ಉಳಿದವರಿಗೆ...
ನಾಲ್ಕು ಗಂಟೆಗೆ ಪುಟ್ಟಿಯನ್ನೂ ಕರೆದುಕೊಂಡು ಕ್ರೋಂಪೇಟೆಗೆ, ಅವರ ಮನೆಗೆ ಹೊರಡಬೇಕು.
ತೊಳೆಯಲು ಬಿಚ್ಚಿದ್ದ ಸೀಟನ್ನು ಇವತ್ತು ನಾನೇ ಕಟ್ಟಿದ್ದೇನೆ.
ಬುಡ ಹಿಡಿದು ನೋಡಿದೆ, ಮೂರು ಸಲ ಬಿಚ್ಚಿ ಕಟ್ಟಿದೆ.
ಇನ್ನೂ ಅಲ್ಲಾಡುತ್ತಿದೆ...
ಕೆಳಗೆ ಫೋಟೋ ಹಾಕಿದ್ದೇನೆ. ಗೊತ್ತಿದ್ದವರು ದಯವಿಟ್ಟು ಬೇಗ ರಿಪ್ಲೈ ಮಾಡಿ.