ಗ್ರಾಫಿಕ್ಸ್ ಕಾರ್ಡ್ ಇಲ್ಲದ ನನ್ನ ಗೇಮಿಂಗ್ ಪಿಸಿ

ಕ್ಯಾಬಿನೆಟ್ಟಿನ ಪಕ್ಕದ ಗಾಜು ತೆಗೆದು ಒಳಗೆ ನೋಡಿದೆ. ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲ.

ಎಲ್ಲಾದರೂ ಬಿದ್ದಿರಬಹುದೇನೋ ಅಂತ ಪೆಟ್ಟಿಗೆಯ ಥರ್ಮಾಕೋಲ್ ಎಲ್ಲ ಕಿತ್ತು ಹುಡುಕಿದೆ. ಇಟ್ಟಿಗೆಯಷ್ಟು ದೊಡ್ಡ ವಸ್ತು ಅದು, ಬಿದ್ದು ಕಳೆದುಹೋಗಲು ಕಿವಿಯೋಲೆಯಾ?

ನಾನು ಸಾಸ್ತಾನದವಳು. ಕುಂದಾಪುರದ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ. ಹೋಗಿಬರುವ ಬಸ್ಸಿನಲ್ಲಿ ಉಳಿದವರು ರೀಲ್ಸ್ ನೋಡಿದರೆ ನಾನು ಪಿಸಿ ಜೋಡಿಸುವ ವಿಡಿಯೋ ನೋಡುತ್ತಿದ್ದೆ.

ಗೇಮ್ ಅಂದರೆ ನನಗೆ ಹುಚ್ಚು. ಮೊಬೈಲಿನಲ್ಲಿ ಆಡಿ ಆಡಿ ಸಾಕಾಗಿತ್ತು. ನನ್ನ ಸಂಬಳದಲ್ಲಿ, ನಾನೇ ಆರಿಸಿದ ಪಾರ್ಟ್ಸ್ ತರಿಸಿ, ನನ್ನ ಕೈಯಾರೆ ಒಂದು ಗೇಮಿಂಗ್ ಪಿಸಿ ಜೋಡಿಸಬೇಕು... ಇಷ್ಟೇ ಆಸೆ.

ಆರಿಸುವುದೂ ಸುಮ್ಮನೆ ಅಲ್ಲ ಮಾರಾಯ್ರೆ. ಮೊದಲು ಗ್ರಾಫಿಕ್ಸ್ ಕಾರ್ಡ್, ಗೇಮಿನ ಚಿತ್ರವನ್ನೆಲ್ಲ ಪರದೆಗೆ ತರುವುದು ಅದೇ. ಅದಕ್ಕೆ ಹೊಂದುವ ಪ್ರೊಸೆಸರ್. ಎರಡಕ್ಕೂ ಸಾಲುವಷ್ಟು ಕರೆಂಟ್ ಕೊಡುವ ಪವರ್ ಸಪ್ಲೈ. ಕಾರ್ಡಿನ ಉದ್ದ ಹಿಡಿಸುವ, ನಮ್ಮ ಸೆಕೆಗೆ ಚೆನ್ನಾಗಿ ಗಾಳಿಯಾಡುವ ಕ್ಯಾಬಿನೆಟ್.

ಒಂದನ್ನು ಬದಲಾಯಿಸಿದರೆ ಉಳಿದದ್ದೆಲ್ಲ ಬದಲಾಗುತ್ತದೆ. ಒಂದೊಂದಕ್ಕೂ ತಲೆ ಕೆಡಿಸಿಕೊಂಡಿದ್ದೇನೆ. ಕೊನೆಗೆ ತುದಿಯಲ್ಲಿ ಆಯಸ್ಕಾಂತ ಇರುವ ಒಂದು ಒಳ್ಳೆಯ ಸ್ಕ್ರೂಡ್ರೈವರ್ ಕೂಡ ತಂದಿಟ್ಟುಕೊಂಡೆ.

ಇನ್ನೇನು ಆರ್ಡರ್ ಹಾಕಬೇಕು, ಅಷ್ಟರಲ್ಲಿ ಅಮ್ಮ ಬೊಂಬಾಯಿಗೆ ಫೋನ್ ಮಾಡಿಬಿಟ್ಟಳು.

ನಮ್ಮ ಮನೆಯ ಪದ್ಧತಿ ಅದು. ಮಿಕ್ಸಿಯಿಂದ ಮದುವೆ ಸೀರೆಯವರೆಗೆ ಎಲ್ಲವೂ ಬೊಂಬಾಯಿ ಮಾವನ ಕೈಯಲ್ಲೇ ಬರಬೇಕು. ಮಾವ ಅಂದರೆ ಅಮ್ಮನ ಅಣ್ಣ, ಅಲ್ಲಿ ಹೋಟೆಲ್ ಇಟ್ಟವರು. ಸೋದರಮಾವ ಒಂದು ಮಾತು ಹೇಳಿದರೆ ಮುಗಿಯಿತು, ನಮ್ಮಲ್ಲಿ ಅದರ ಮೇಲೆ ಅಪೀಲಿಲ್ಲ.

"ಹೆಣೆ, ಆನ್‌ಲೈನ್ ಎಲ್ಲ ಎಂತಕೆ? ಇಲ್ಲ್ ಕಮ್ಮಿಗೆ ಸಿಕ್ಕತ್ತ್. ಕೊಲ್ಲೂರಿಗೆ ಬಪ್ಪತಿಗೆ ನಾನೇ ತಕಂಡ್ ಬತ್ತೆ."

ಬೇಡ ಅನ್ನಲು ಬಾಯಿ ಬರಲಿಲ್ಲ. ಪ್ರತಿಯೊಂದರ ಹೆಸರು, ಫೋಟೋ ಕಳಿಸಿದೆ, ಹಣ ಹಾಕಿದೆ. ಬಾಕ್ಸ್ ಮಾತ್ರ ಒಡೆಯಬೇಡಿ ಮಾವ, ನಾನೇ ಜೋಡಿಸುತ್ತೇನೆ ಅಂತ ಕೈಮುಗಿದು ಕೇಳಿಕೊಂಡೆ. "ಆಯ್ತ್ ಆಯ್ತ್" ಅಂದರು.

ಬಂತು. ಪೂರ್ತಿ ಜೋಡಿಸಿಯೇ ಬಂತು!

"ನಿಂಗೆ ಕಷ್ಟ ಆಪುದ್ ಬ್ಯಾಡ ಅಂದೇಳಿ ಅಂಗ್ಡಿಯವ್ನತ್ರೇ ಜೋಡ್ಸಿದೆ" ಅಂತ ಮಾವ ನಕ್ಕರು. ಅಮ್ಮ ಕ್ಯಾಬಿನೆಟ್ಟಿಗೆ ಕುಂಕುಮ ಹಚ್ಚಿದಳು, ಸ್ವಿಚ್ ಒತ್ತಿದರೆ ಬಣ್ಣ ಬಣ್ಣದ ಲೈಟ್ ಹೊತ್ತಿತು, ಎಲ್ಲರಿಗೂ ಭಾರೀ ಖುಷಿ. ನಾನೂ ಹಲ್ಲು ಕಚ್ಚಿ ನಕ್ಕೆ. ಪ್ರೀತಿಯಿಂದ ಮಾಡಿದ್ದಲ್ಲವಾ, ಹೋಗಲಿ ಅಂದುಕೊಂಡೆ.

ಆಮೇಲೆ ಗಾಜು ತೆಗೆದೆ.

ಮಾವ ಚಾ ಕುಡಿಯುತ್ತಾ ಆರಾಮಾಗಿ ಹೇಳಿದರು. "ಆ ಕಾರ್ಡಾ? ಅದ್ ನಮ್ಮ ಪ್ರಥಮಂಗೆ ಹಾಕ್ಸ್ದೆ. ಗಂಡ್ ಹುಡ್ಗ, ಗೇಮ್ ಆಡ್ತ. ನಾಳೆ ಮದಿ ಆಯಿ ಗಂಡನ್ ಮನಿಗೆ ಹೋಪವಳ್, ನಿಂಗೆ ಎಂತಕೆ?"

ಪ್ರಥಮ್ ಅವರ ಮಗ, ಕಾಲೇಜಿಗೆ ಹೋಗುವವನು. ನಾನು ಆರಿಸಿದ ಪ್ರೊಸೆಸರ್ ಕೂಡ ಇರಲಿಲ್ಲ, ಕಾರ್ಡ್ ಇಲ್ಲದೆಯೂ ನಡೆಯುವ ಅಗ್ಗದ್ದೊಂದನ್ನು ಕೂರಿಸಿದ್ದರು. ಅದರಲ್ಲಿ ಉಳಿದ ಹಣವನ್ನು ನನ್ನ ಎದುರಿಗೇ ಅಮ್ಮನ ಕೈಗೆ ಕೊಟ್ಟು, ಇವಳ ಬಳೆಗೆ ಸೇರಿಸು ಅಂದರು. ಅಮ್ಮ ಅದನ್ನು ಕಣ್ಣಿಗೊತ್ತಿಕೊಂಡಳು.

ನನ್ನ ಮೈಯೆಲ್ಲ ಉರಿದುಹೋಯಿತು. ಅಲ್ಲಿದ್ದ ಒಬ್ಬರಿಗೂ ಇದು ತಪ್ಪು ಅನ್ನಿಸಿರಲಿಲ್ಲ, ನೋಡಿ. ಜಗಳವಾಡೋಣ ಅಂದರೂ ಎದುರಿಗಿದ್ದವರೆಲ್ಲ ನನಗೆ ಒಳ್ಳೆಯದು ಬಯಸುವವರೇ.

ಈಗ ಅದರಲ್ಲಿ ಗೇಮ್ ಹಾಕಿದರೆ ತೆವಳುತ್ತದೆ. ಅಮ್ಮ ಧಾರಾವಾಹಿ ನೋಡುತ್ತಾಳೆ, ಅದು ಚೆನ್ನಾಗಿ ಬರುತ್ತದೆ.

ಕಳೆದ ವಾರ ಪ್ರಥಮ್ ವಿಡಿಯೋ ಕಾಲ್ ಮಾಡಿದ. ಬೊಂಬಾಯಿಯಲ್ಲೇ ಹುಟ್ಟಿ ಬೆಳೆದವನು, ನನ್ನನ್ನು ದೀದಿ ಅನ್ನುತ್ತಾನೆ. ಗೇಮ್ ಶುರುವಾದ ಕೂಡಲೇ ಅವನ ಪಿಸಿ ಆಫ್ ಆಗುತ್ತದಂತೆ, ಯಾಕೆ ಅಂತ ನೋಡಬೇಕಂತೆ.

ಕ್ಯಾಮೆರಾ ತಿರುಗಿಸಿ ಕ್ಯಾಬಿನೆಟ್ಟಿನ ಒಳಗೆ ತೋರಿಸಿದ. ನನ್ನ ಕಾರ್ಡ್ ಅವನ ಹಳೇ ಡಬ್ಬದಲ್ಲಿ ಮಿಣಿಮಿಣಿ ಅನ್ನುತ್ತಿತ್ತು. ಬಾಯಿಮುಚ್ಚಿ ಕೂತಿದ್ದರೆ ಆಗುತ್ತಿತ್ತು... ಆದರೆ ನನಗೆ ಉತ್ತರ ಗೊತ್ತಿತ್ತಲ್ಲ, ಹೇಳಿಬಿಟ್ಟೆ. ನಿನ್ನ ಪವರ್ ಸಪ್ಲೈ ಸಣ್ಣದು, ಈ ಕಾರ್ಡಿಗೆ ಸಾಲುವುದಿಲ್ಲ.

ಮರುದಿನವೇ ಮಾವನ ಫೋನ್ ಅಮ್ಮನಿಗೆ. ಸ್ಪೀಕರಿನಲ್ಲಿ ನನಗೂ ಕೇಳಿಸಿತು. "ಅವ್ಳ ಪವರ್ ಸಪ್ಲೈ ದೊಡ್ಡದ್ ಇತ್ತಲೆ, ಬೊಂಬಾಯಿ ಬಸ್ಸಿಗೆ ಹಾಕಿ ಕಳ್ಸ್. ಇವಂದ್ ಹಳೇದ್ ಅವ್ಳಿಗೆ ಕೊಡ್ತೆ. ಅವ್ಳಿಗೆ ಎಂತಕೆ ಅಷ್ಟ್ ದೊಡ್ಡದ್?"

ಅಮ್ಮ ಆಗಲೇ ಅಟ್ಟದಿಂದ ರಟ್ಟಿನ ಡಬ್ಬ ಇಳಿಸಿದ್ದಳು.

ನಾನು ಸ್ಕ್ರೂಡ್ರೈವರ್ ತೆಗೆದೆ. ಪಿಸಿ ಜೋಡಿಸಲು ಅಂತ ತಂದದ್ದು ಅದು. ಅದಕ್ಕೆ ಸಿಕ್ಕ ಮೊದಲ ಕೆಲಸ ಬಿಚ್ಚುವುದು. ಒಂದು ಸ್ಕ್ರೂ ತಿರುಗಿಸಿದೆ, ಕಣ್ಣು ಮಂಜಾಯಿತು. ವಾಪಸ್ ಬಿಗಿ ಮಾಡಿ ಮಾವನಿಗೆ ಫೋನ್ ಮಾಡಿದೆ.

"ಮಾವ, ನಾ ಕೊಡುದಿಲ್ಲ."

"ಎಂತ ಅಂದೆ?"

"ಕೊಡುದಿಲ್ಲ ಅಂದೆ."

ಫೋನ್ ಕಟ್ ಆಯಿತು. ಈಗ ಸಾಸ್ತಾನದಿಂದ ಬೊಂಬಾಯಿವರೆಗೆ ಎಲ್ಲರ ಬಾಯಲ್ಲೂ ಒಂದೇ ಮಾತು, ಹುಡುಗಿಗೆ ಸೊಕ್ಕು ಬಂದಿದೆ.

ಅಮ್ಮ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ನಿನ್ನೆ ಗಂಜಿ ಬಡಿಸುವಾಗ ಮಾತ್ರ ಕೇಳಿದಳು, "ಕಾರ್ಡೇ ಇಲ್ಲೆ ಅಂಬೆ ನೀನ್. ಮತ್ತೆ ಅದ್ ನಿಂಗೆ ಎಂತಕೆ?"

ಕಾರ್ಡ್ ಇಲ್ಲದ ಮೇಲೆ ಅಷ್ಟು ದೊಡ್ಡ ಪವರ್ ಸಪ್ಲೈಗೆ ನಿಜವಾಗಿಯೂ ಕೆಲಸವಿಲ್ಲ.

ಆದರೆ ಒಂದು ಮಾತು ಹೇಳಿ... ಈ "ನಿಂಗೆ ಎಂತಕೆ" ಅನ್ನುವ ಪ್ರಶ್ನೆಯನ್ನು ಇವತ್ತಿನವರೆಗೆ ಯಾರಾದರೂ ಪ್ರಥಮನಿಗೆ ಕೇಳಿದ್ದಾರಾ?